ಬೂದು ಬಣ್ಣಕ್ಕೆ ತಿರುಗಿದ ಪೈನ್ ಡೆಕ್ಕನ್ನು ಮತ್ತೆ ಮರದ ಬಣ್ಣಕ್ಕೆ ತಂದಿದ್ದು

ನಮ್ಮ ಮನೆ ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿ ಊರಲ್ಲಿ. ಹಿತ್ತಲ ಕಡೆ 12 ಅಡಿಗೆ 16 ಅಡಿಯ ಒಂದು ಡೆಕ್ ಇದೆ, ಅಂದರೆ ಮನೆಗೆ ಅಂಟಿಕೊಂಡ ಮರದ ಹಲಗೆಯ ಜಗಲಿ, 2006ರಲ್ಲಿ ಕಟ್ಟಿದ್ದು. ಮರ ಸದರ್ನ್ ಯೆಲ್ಲೋ ಪೈನ್. ಈ ಕಡೆ ಹೆಚ್ಚಿನ ಮನೆಗಳಲ್ಲಿ ಇರೋದು ಇದೇ, ಹುಳ ಹಿಡಿಯದ ಹಾಗೆ ತಾಮ್ರದ ಔಷಧಿಯನ್ನು ಒತ್ತಡದಲ್ಲಿ ಒಳಗೆ ನುಗ್ಗಿಸಿದ ಅಗ್ಗದ ಮರ. ವರ್ಷಗಟ್ಟಲೆ ಯಾರೂ ಸ್ಟೇನ್, ಅಂದರೆ ಮರಕ್ಕೆ ಬಣ್ಣವನ್ನೂ ರಕ್ಷಣೆಯನ್ನೂ ಕೊಡುವ ಲೇಪ, ಹಚ್ಚಿರಲಿಲ್ಲ. ಬಿಸಿಲು ಬೀಳುವ ಕಡೆ ಪೂರ್ತಿ ಬೂದು ಬಣ್ಣ, ನೆರಳಿನ ಕಡೆ ಹಸಿರು ಪಾಚಿ, ಮೆಟ್ಟಿಲ ಹತ್ತಿರ ಕಪ್ಪು ಬೂಷ್ಟು. ಮಳೆ ಬಂದ ಮಾರನೇ ದಿನ ಕಾಲಿಟ್ಟರೆ ಜಾರುವ ಸ್ಥಿತಿ.

ನಮಗಿಂತ ಮೊದಲು ಇಲ್ಲಿದ್ದವರು ಒಮ್ಮೆ ಯಾರನ್ನೋ ಕರೆಸಿ ಪ್ರೆಷರ್ ವಾಷರ್‌ನಲ್ಲಿ, ಅಂದರೆ ನೀರನ್ನು ಜೋರು ಒತ್ತಡದಲ್ಲಿ ಚಿಮ್ಮಿಸುವ ಮಷೀನ್‌ನಲ್ಲಿ, ತೊಳೆಸಿದ್ದರಂತೆ. ಅದರ ಗುರುತು ಇವತ್ತಿಗೂ ಇದೆ. ನಾಜಲ್ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಅನ್ನೋದು ಹಲಗೆಯ ಮೇಲೆ ಬಿಲ್ಲಿನ ಆಕಾರದ ಗೆರೆಗಳಾಗಿ ಕೂತಿದೆ. ಬೆರಳಾಡಿಸಿದರೆ ಮೃದು ಮರ ಕಿತ್ತುಹೋಗಿ ಗಟ್ಟಿ ಏಣುಗಳು ಮಾತ್ರ ಎದ್ದು ನಿಂತಿರೋದು ಗೊತ್ತಾಗುತ್ತದೆ. ಪ್ರೆಷರ್ ವಾಷರ್ ಬಾಡಿಗೆಗೆ ತರುವ ಮುಂಚೆ ನಾನು ಬಹಳ ಹೊತ್ತು ನೋಡಿದ್ದು ಈ ಗೆರೆಗಳನ್ನೇ. ಆ ಬೂದು ಪದರ ಒಂದು ಮಿಲಿಮೀಟರ್ ಕೂಡ ದಪ್ಪ ಇರಲ್ಲ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಮರದ ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಅನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಉಳಿಯೋದು ಸಡಿಲ ನಾರು. ಅಷ್ಟನ್ನು ತೆಗೆಯಲು 3000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಒತ್ತಡದ ಅಳತೆ) ನೀರು ಬೇಕಾ? ಬೇಡ. ಅದನ್ನು ತೆಗೆಯೋದು ತೊಳೆಯುವ ಪುಡಿ, ಬ್ರಷ್ ಮತ್ತು ಕಾಯುವಿಕೆ. ಮಷೀನ್ ಇರೋದು ಸಡಿಲವಾದದ್ದನ್ನು ತೊಳೆದು ಹಾಕೋದಕ್ಕೆ. ಇದಿಷ್ಟು ತಲೆಯಲ್ಲಿ ಕೂತರೆ ಅರ್ಧ ಕೆಲಸ ಸರಿಯಾಗೇ ಆಗುತ್ತದೆ.

ಯಾವಾಗ ಮಾಡೋದು ಅನ್ನೋದನ್ನು ಇಲ್ಲಿ ಪೈನ್ ಮರಗಳೇ ತೀರ್ಮಾನಿಸುತ್ತವೆ. ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಈ ಊರಲ್ಲಿ ಎಲ್ಲದರ ಮೇಲೂ ಹಳದಿ ಪರಾಗ ಕೂತಿರುತ್ತದೆ. ಕಾರು, ಕಿಟಕಿ, ತುಳಸಿ ಗಿಡ, ಯಾವುದನ್ನೂ ಬಿಡಲ್ಲ. ಹಸಿ ಸ್ಟೇನ್ ಮೇಲೆ ಅದು ಬಿದ್ದರೆ ಹಳದಿ ಮರಳು ಕಾಗದ ಹಾಸಿದ ಹಾಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಮೇ ಮೊದಲ ವಾರದವರೆಗೆ ಸುಮ್ನೆ ಕೂತೆ. ಜೂನ್ ದಾಟಿದರೆ ದಿನಾ ಸಂಜೆ ಗುಡುಗು ಮಳೆ, ಮರ ಒಣಗೋದೇ ಕಷ್ಟ.

ಕೆಲಸ ಶುರುವಾಗಿದ್ದು ಡೆಕ್ಕಿನ ಕೆಳಗೆ. ಟಾರ್ಚು, ಒಂದು ಸ್ಕ್ರೂಡ್ರೈವರ್. ಮನೆಗೋಡೆಗೆ ಅಂಟಿಸಿದ ಉದ್ದ ಹಲಗೆ ಇರುತ್ತಲ್ಲ, ಲೆಡ್ಜರ್ ಅಂತಾರೆ, ಇಡೀ ಡೆಕ್ಕಿನ ಒಂದು ಪಕ್ಕದ ಭಾರ ಅದರ ಮೇಲೆ. ಅಮೆರಿಕದಲ್ಲಿ ಡೆಕ್ ಕುಸಿದು ಜನ ಬಿದ್ದ ಸುದ್ದಿ ಬಂದಾಗ ಬಹಳಷ್ಟು ಸಲ ಸಡಿಲಾಗಿರೋದು ಇದೇ, ಬೋಲ್ಟ್ ಹಾಕದೆ ಬರೀ ಮೊಳೆ ಹೊಡೆದಿರುತ್ತಾರೆ ಅಥವಾ ಗೋಡೆಗೂ ಅದಕ್ಕೂ ನಡುವೆ ನೀರು ಇಳಿದು ಮರ ಕೊಳೆತಿರುತ್ತದೆ. ನಮ್ಮದರಲ್ಲಿ ಅರ್ಧ ಇಂಚಿನ ಬೋಲ್ಟ್‌ಗಳು ಸರಿಯಾಗಿದ್ದವು, ಮೇಲೆ ನೀರು ಇಳಿಯದಂತೆ ತಡೆಯುವ ತಗಡಿನ ಫ್ಲಾಶಿಂಗ್ ಕೂಡ ಇತ್ತು. ಜಂತಿಗಳನ್ನು ಒಂದೊಂದಾಗಿ ಚುಚ್ಚಿ ನೋಡಿದೆ. ಗಟ್ಟಿ ಮರದಲ್ಲಿ ಸ್ಕ್ರೂಡ್ರೈವರ್ ತುದಿ ಕಾಲು ಇಂಚೂ ಇಳಿಯಲ್ಲ, ಲಡ್ಡು ಹಿಡಿದಿದ್ದರೆ ಸಲೀಸಾಗಿ ಹೋಗುತ್ತದೆ. ಜಂತಿಗಳೆಲ್ಲ ಗಟ್ಟಿ.

ಮೇಲಿನ ಹಲಗೆಗಳಲ್ಲಿ ಒಂದು ಮಾತ್ರ ಹೋಗಿತ್ತು. ಎಲ್ಲಿ ಅಂತೀರಾ, ಕರಿಬೇವಿನ ಕುಂಡದ ಕೆಳಗೆ. ಇಲ್ಲಿರುವ ನಮ್ಮವರ ಮನೆಗಳಲ್ಲಿ ಕರಿಬೇವಿಗೆ ಇರುವ ಮರ್ಯಾದೆ ಗೊತ್ತಲ್ಲ, ಚಳಿಗಾಲದಲ್ಲಿ ಒಳಗೆ, ಬೇಸಿಗೆಯಲ್ಲಿ ಡೆಕ್ ಮೇಲೆ, ದಿನಾ ನೀರು. ಕುಂಡದ ತಳಕ್ಕೂ ಹಲಗೆಗೂ ನಡುವೆ ಗಾಳಿಯೇ ಆಡದೆ ಆ ಜಾಗ ಯಾವಾಗಲೂ ಒದ್ದೆ. ಔಷಧಿ ಹಾಕಿದ ಮರವೂ ಅಂಥ ಕಡೆ ತಡೆಯಲ್ಲ, ಅದರಲ್ಲೂ ಬಿರುಕಿನಿಂದ ನೀರು ತಿರುಳಿಗೆ ಇಳಿದರೆ. ಆ ಹಲಗೆ ಕಿತ್ತು ಹೊಸದು ಹಾಕಿದೆ. ಹೊಸ ಹಲಗೆ ಅಂಗಡಿಯಿಂದ ತರುವಾಗ ಔಷಧಿ ನೀರಲ್ಲಿ ನೆಂದು ಭಾರವಾಗಿರುತ್ತದೆ, ಅದಕ್ಕೆ ತಕ್ಷಣ ಸ್ಟೇನ್ ಹಿಡಿಯಲ್ಲ. ಔಷಧಿ ಹಾಕಿದ ಮೇಲೆ ಮತ್ತೆ ಬಿಸಿ ಗೂಡಿನಲ್ಲಿ ಒಣಗಿಸಿದ ಹಲಗೆ ಸಿಗುತ್ತದೆ, ಸ್ವಲ್ಪ ಜಾಸ್ತಿ ದುಡ್ಡು, ನಾನು ಅದನ್ನೇ ತಂದೆ. ಒದ್ದೆ ಹಲಗೆ ಹಾಕುವುದಾದರೆ ಪಕ್ಕದ ಹಲಗೆಗೆ ಒತ್ತಿ ಕೂರಿಸಿ, ಒಣಗಿದಂತೆ ಅದೇ ಕುಗ್ಗಿ ಸಂದು ಬಿಡುತ್ತದೆ.

ಮೊಳೆಗಳ ಕಥೆ ಬೇರೆ. ಮರ ಒದ್ದೆಯಾಗಿ ಹಿಗ್ಗಿ, ಒಣಗಿ ಕುಗ್ಗಿ, ವರ್ಷಗಳಲ್ಲಿ ಮೊಳೆಯನ್ನು ಮೇಲಕ್ಕೆ ತಳ್ಳುತ್ತದೆ. ಸುತ್ತಿಗೆಯಲ್ಲಿ ಮತ್ತೆ ಬಡಿದರೆ ಮುಂದಿನ ಚಳಿಗಾಲಕ್ಕೆ ಮತ್ತೆ ಎದ್ದಿರುತ್ತವೆ. ಎದ್ದವನ್ನೆಲ್ಲ ಕಿತ್ತು ಮೂರು ಇಂಚಿನ ಡೆಕ್ ಸ್ಕ್ರೂ ಹಾಕಿದೆ. ಸ್ಕ್ರೂ ಪೊಟ್ಟಣದ ಮೇಲೆ ಔಷಧಿ ಹಾಕಿದ ಮರಕ್ಕೆ ಆಗುತ್ತದೆ ಅಂತ ಬರೆದಿದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಸ್ಟೇನ್‌ಲೆಸ್ ತನ್ನಿ. ಈಗಿನ ಔಷಧಿಯಲ್ಲಿ ತಾಮ್ರ ಜಾಸ್ತಿ, ಸಾಮಾನ್ಯ ಸತು ಲೇಪದ ಸ್ಕ್ರೂವನ್ನು ಅದು ಬೇಗ ತಿಂದುಹಾಕುತ್ತದೆ.

ರೇಲಿಂಗಿನ ಅಡಿಯಲ್ಲಿ ಅರ್ಧ ಇಂಚಿನ ಗುಂಡನೆಯ ತೂತುಗಳು, ಕೆಳಗೆ ಮರದ ಹಿಟ್ಟು. ದುಂಬಿಗಳ ಕೆಲಸ. ಹೆಣ್ಣು ದುಂಬಿ ನೇರ ಒಳಗೆ ಕೊರೆದು ಆಮೇಲೆ ಮರದ ಎಳೆಯ ಉದ್ದಕ್ಕೆ ತಿರುಗಿ ಸುರಂಗ ಮಾಡುತ್ತದೆ. ನಮ್ಮ ಮುಖದ ಮುಂದೆ ಗುಂಯ್ ಅಂತ ಬಂದು ಹೆದರಿಸೋದು ಗಂಡು, ಅದಕ್ಕೆ ಕೊಂಡಿಯೇ ಇಲ್ಲ. ಮೇ ತಿಂಗಳಲ್ಲಿ ತೂತು ಮುಚ್ಚಿದರೆ ಒಳಗಿರುವ ಮರಿಗಳು ಬೆಳೆದ ಮೇಲೆ ಬೇರೆ ಕಡೆ ಕೊರೆದುಕೊಂಡು ಬರುತ್ತವೆ, ಹಾಗಾಗಿ ಅದನ್ನು ಮಳೆ ಬಿಸಿಲು ಮುಗಿದ ಅಕ್ಟೋಬರ್‌ಗೆ ಬಿಟ್ಟೆ. ಆಗ ಮರದ ಗೂಟ ಮತ್ತು ಅಂಟು ಹಾಕಿ ಮುಚ್ಚಿದರಾಯಿತು.

ಈಗ ಮಷೀನ್. ಬಾಡಿಗೆಗೆ ಸಿಕ್ಕಿದ್ದು ಪೆಟ್ರೋಲ್‌ನದು, 3000 ಪಿಎಸ್‌ಐ, ನಿಮಿಷಕ್ಕೆ ಎರಡೂವರೆ ಗ್ಯಾಲನ್. ಪೈನ್‌ನಂಥ ಮೆತ್ತನೆ ಮರಕ್ಕೆ 500ರಿಂದ 600 ಪಿಎಸ್‌ಐ ಸಾಕು. ದೂರದಿಂದ ಹೊಡೆದರೆ ಒತ್ತಡ ಕಮ್ಮಿಯಾಗುತ್ತದೆ ನಿಜ, ಆದರೆ ದಿನವಿಡೀ ಕೈ ಒಂದೇ ದೂರದಲ್ಲಿ ಇರಲ್ಲ, ಸುಸ್ತಾದಂತೆ ಹತ್ತಿರ ಬರುತ್ತದೆ, ಗೆರೆ ಬೀಳೋದು ಆಗಲೇ. ಈ ಕೆಲಸವನ್ನೇ ವೃತ್ತಿ ಮಾಡಿಕೊಂಡವರು ಮಾಡೋದು ಬೇರೆ: ನೀರು ಚಿಮ್ಮುವ ತುದಿಗೆ ಸಿಕ್ಕಿಸುವ ಟಿಪ್ಪನ್ನೇ ಬದಲಿಸುತ್ತಾರೆ. ಟಿಪ್ ಮೇಲೆ ಬಣ್ಣದ ಜೊತೆ ಒಂದು ನಂಬರ್ ಕೂಡ ಇರುತ್ತದೆ. ಬಣ್ಣ ಹೇಳೋದು ನೀರು ಎಷ್ಟು ಅಗಲಕ್ಕೆ ಹರಡುತ್ತದೆ ಅಂತ: ಕೆಂಪು ಸೊನ್ನೆ ಡಿಗ್ರಿ, ಹಳದಿ 15, ಹಸಿರು 25, ಬಿಳಿ 40, ಕಪ್ಪು ಸೋಪಿಗೆ. ಕೆಂಪನ್ನು ಡೆಕ್ ಹತ್ತಿರವೂ ತರಬೇಡಿ. ನಂಬರ್ ಹೇಳೋದು ತೂತಿನ ಗಾತ್ರ, 4000 ಪಿಎಸ್‌ಐ ಇದ್ದಾಗ ನಿಮಿಷಕ್ಕೆ ಎಷ್ಟು ಗ್ಯಾಲನ್ ಹೋಗುತ್ತದೋ ಅದೇ ಆ ನಂಬರ್. ಮಷೀನ್ ಜೊತೆ ಬಂದಿದ್ದು 3ನೇ ನಂಬರ್. ಅಷ್ಟೇ ನೀರನ್ನು ದೊಡ್ಡ ತೂತಿನಿಂದ ಬಿಟ್ಟರೆ ಒತ್ತಡ ಇಳಿಯುತ್ತದೆ, ಅದೂ ವರ್ಗದ ಲೆಕ್ಕದಲ್ಲಿ. 3000ವನ್ನು 600ಕ್ಕೆ ತರಬೇಕು ಅಂದರೆ ಐದನೇ ಒಂದು ಭಾಗ, ತೂತು ಐದರ ವರ್ಗಮೂಲದಷ್ಟು ದೊಡ್ಡದಾಗಬೇಕು, ಅಂದರೆ ಸುಮಾರು ಎರಡೂಕಾಲು ಪಟ್ಟು. ಲೆಕ್ಕ ಬಂದು ನಿಲ್ಲೋದು 6.5ರ ಆಸುಪಾಸಿಗೆ. 40 ಡಿಗ್ರಿಯ 6.5 ನಂಬರ್ ಟಿಪ್ ಒಂದನ್ನು ತರಿಸಿಕೊಂಡೆ, ಕೆಲವೇ ಡಾಲರ್. ಆ ಟಿಪ್ ಹಾಕಿ ಟ್ರಿಗರ್ ಒತ್ತಿದರೆ ನೀರು ಸುಯ್ ಅಂತ ಕಿರುಚಲ್ಲ, ದೊಡ್ಡ ಬೀಸಣಿಗೆಯ ಹಾಗೆ ಮೆತ್ತಗೆ ಬೀಳುತ್ತದೆ. ಇಡೀ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ವಸ್ತು ಇದೇ ಪುಟ್ಟ ಹಿತ್ತಾಳೆ ತುಂಡು.

ಒಂದು ಎಚ್ಚರಿಕೆ. ಮೂಲ ಟಿಪ್‌ನ ನೀರು ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಆಗುವ ಗಾಯಕ್ಕೆ ಆಪರೇಷನ್ ಬೇಕಾಗಬಹುದು, ಆದ್ದರಿಂದ ಸಣ್ಣದು ಅಂತ ಬಿಡದೆ ಸೀದಾ ಎಮರ್ಜೆನ್ಸಿಗೆ ಹೋಗಬೇಕು. ಚಪ್ಪಲಿಯಲ್ಲಿ ಈ ಕೆಲಸ ಮಾಡುವವರನ್ನು ಕಂಡರೆ ನನಗೆ ಮೈ ಜುಮ್ ಅನ್ನುತ್ತದೆ. ಬೂಟು, ಕನ್ನಡಕ ಬೇಕೇ ಬೇಕು. ಇನ್ನೊಂದು, ಟ್ರಿಗರ್ ಬಿಟ್ಟು ಮಷೀನ್ ಓಡುತ್ತಾ ಇರಲು ಬಿಡಬೇಡಿ. ನೀರು ಪಂಪಿನೊಳಗೇ ಸುತ್ತಿ ಕಾಯುತ್ತದೆ, ಕೆಲವು ನಿಮಿಷದಲ್ಲಿ ಸೀಲ್ ಹಾಳು.

ತೊಳೆಯುವ ಪುಡಿ ಸೋಡಿಯಂ ಪರ್‌ಕಾರ್ಬನೇಟ್. ಹೆಸರು ದೊಡ್ಡದು, ನೀರಿಗೆ ಹಾಕಿದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ, ಅಷ್ಟೇ. ಬಟ್ಟೆ ಒಗೆಯುವ ಆಕ್ಸಿಜನ್ ಬ್ಲೀಚ್‌ಗಳಲ್ಲಿ ಇರೋದೂ ಇದೇ. ಕ್ಲೋರಿನ್ ಬ್ಲೀಚ್ ಅಗ್ಗ, ಬೂಷ್ಟನ್ನು ಕೊಲ್ಲುತ್ತದೆ, ಗೋಡೆ ತೊಳೆಯಲು ಎಲ್ಲರೂ ಅದನ್ನೇ ಬಳಸುತ್ತಾರೆ. ಆದರೆ ಮರದ ಲಿಗ್ನಿನ್‌ಗೆ ಅದು ಒಳ್ಳೆಯದಲ್ಲ, ನಾರು ಏಳಿಸುತ್ತದೆ, ಗಿಡಗಳನ್ನೂ ಸುಡುತ್ತದೆ. ಮುಖ್ಯವಾಗಿ ಈ ಕೆಲಸದ ಎರಡನೇ ಹಂತದಲ್ಲಿ ಆಸಿಡ್ ಬರುತ್ತದೆ. ಕ್ಲೋರಿನ್ ಬ್ಲೀಚ್ ಮತ್ತು ಆಸಿಡ್ ಸೇರಿದರೆ ಹುಟ್ಟೋದು ಕ್ಲೋರಿನ್ ಅನಿಲ, ಜೀವಕ್ಕೇ ಅಪಾಯ. ಹಾಗಾಗಿ ಅದನ್ನು ಗ್ಯಾರೇಜಿನಿಂದ ಹೊರಗೇ ತರಲಿಲ್ಲ.

ಮೊದಲು ಸುತ್ತಲಿನ ಗಿಡಗಳಿಗೆ ಚೆನ್ನಾಗಿ ನೀರು ಹೊಡೆದೆ, ಡೆಕ್ಕನ್ನೂ ನೆನೆಸಿದೆ. ಬಿಸಿಲಿಲ್ಲದ ಬೆಳಗಿನ ಹೊತ್ತು. ಬೆಚ್ಚಗಿನ ನೀರಲ್ಲಿ ಗ್ಯಾಲನ್‌ಗೆ ಒಂದು ಕಪ್ ಪುಡಿ ಕದಡಿ ಗಾರ್ಡನ್ ಸ್ಪ್ರೇಯರ್‌ನಲ್ಲಿ ಹೊಡೆಯೋದು, ಹತ್ತು ಹದಿನೈದು ನಿಮಿಷ ಬಿಡೋದು, ಒಣಗದಂತೆ ಆಗಾಗ ಮತ್ತೆ ಚಿಮುಕಿಸೋದು. ಹಲಗೆಯ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಆಮೇಲೆ ಉದ್ದ ಹಿಡಿಯ ಗಟ್ಟಿ ನೈಲಾನ್ ಬ್ರಷ್‌ನಲ್ಲಿ ಎಳೆಯ ಉದ್ದಕ್ಕೆ ಉಜ್ಜಬೇಕು. ತಂತಿ ಬ್ರಷ್ ಬೇಡ, ಮುರಿದ ತಂತಿ ಚೂರು ಮರದಲ್ಲಿ ಉಳಿದು ತುಕ್ಕು ಹಿಡಿದು ಕಪ್ಪು ಚುಕ್ಕಿ ಬಿಡುತ್ತದೆ. ಉಜ್ಜಿದಂತೆ ನೊರೆ ಬಿಳಿಯಿಂದ ಕೆಸರು ಬಣ್ಣಕ್ಕೆ ತಿರುಗಿತು. ಆಮೇಲೆ ಮಷೀನ್. ನಾಜಲ್ಲನ್ನು ಮರದಿಂದ ಒಂದಡಿ ಮೇಲೆ ಹಿಡಿದು, ಹಲಗೆಯ ಹೊರಗೇ ನೀರು ಶುರು ಮಾಡಿ ಒಳಗೆ ತಂದು, ಒಂದೇ ವೇಗದಲ್ಲಿ ಕೊನೆಯವರೆಗೆ ನಡೆಯೋದು, ನಡುವೆ ಎಲ್ಲೂ ನಿಲ್ಲೋ ಹಾಗಿಲ್ಲ. ಬೂದು ಬಣ್ಣದ ಗಂಜಿಯಂಥದ್ದು ಸಂದುಗಳಿಂದ ಕೆಳಗೆ ಸೋರುತ್ತಾ ಇತ್ತು. ಅಪ್ಪ ಊರಿಂದ ಬಂದಿದ್ದರು, ಅಡುಗೆಮನೆ ಕಿಟಕಿಯಿಂದಲೇ ಕೂಗಿದರು, "ಅಲ್ವೋ, ಇಷ್ಟೆಲ್ಲ ಮಾಡೋ ಬದಲು ಗೇರೆಣ್ಣೆ ಹಚ್ಚಿದ್ರೆ ಇಪ್ಪತ್ತು ವರ್ಷ ಮರದ ಕಡೆ ನೋಡ್ಬೇಕಾಗಿರ್ಲಿಲ್ಲ." ಮಲೆನಾಡಿನವರು, ಮಳೆಗೆ ನಿಂತ ಮರ ಕಂಡರೆ ಅವರಿಗೆ ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಗೇರೆಣ್ಣೆಯೇ ನೆನಪಾಗೋದು. ಆದರೆ ಅದು ಮೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ, ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗಕ್ಕೆ ಬೇಡ ಅಂದೆ. ಅವರು ಒಪ್ಪಲಿಲ್ಲ.

ಉಳಿದ ದ್ರಾವಣವನ್ನು ಸ್ಪ್ರೇಯರ್‌ನಲ್ಲಿ ಮುಚ್ಚಿ ಇಡಬೇಡಿ. ಆಕ್ಸಿಜನ್ ಬಿಡುಗಡೆಯಾಗುತ್ತಲೇ ಇರುತ್ತದೆ, ಡಬ್ಬ ಉಬ್ಬಿ ಸಿಡಿಯಬಹುದು. ಕೆಲವು ಗಂಟೆಗಳಲ್ಲಿ ಅದರ ಶಕ್ತಿಯೂ ಹೋಗುತ್ತದೆ, ಬೇಕಾದಷ್ಟೇ ಕಲಸಿಕೊಳ್ಳೋದು ಒಳ್ಳೆಯದು.

ರೇಲಿಂಗ್ ಮೇಲ್ಪಟ್ಟಿಯಲ್ಲಿ ಮಾತ್ರ ಹಳೇ ಸ್ಟೇನ್ ಸಿಪ್ಪೆ ಸಿಪ್ಪೆಯಾಗಿ ಅಂಟಿಕೊಂಡಿತ್ತು. ಪರ್‌ಕಾರ್ಬನೇಟ್‌ಗೆ ಅದು ಬಿಡಲ್ಲ. ಅಷ್ಟಕ್ಕೆ ಕಾಸ್ಟಿಕ್ ಸೋಡಾದ ಸ್ಟ್ರಿಪ್ಪರ್ ಹಾಕಿ, ದಪ್ಪ ಗ್ಲೌಸ್ ತೊಟ್ಟು ಕೆರೆದು ತೆಗೆದೆ.

ತೊಳೆದ ಮೇಲೆ ಡೆಕ್ ನೋಡಿದರೆ ಬೇಜಾರಾಗುತ್ತದೆ. ಬೂದು ಹೋಗಿ ಮಂಕು ಕಂದು ಬಂದಿರುತ್ತದೆ, ಕ್ಷಾರದಿಂದ ಹಾಗಾಗೋದು. ಬಹಳ ಜನ ಇಲ್ಲಿಗೇ ನಿಲ್ಲಿಸಿ ಮೇಲೆ ಸ್ಟೇನ್ ಹಚ್ಚಿಬಿಡುತ್ತಾರೆ. ಮುಂದಿನ ಹಂತ ಆಕ್ಸಾಲಿಕ್ ಆಸಿಡ್. ನಮ್ಮೂರಲ್ಲಿ ಮೊಸಾಯಿಕ್ ನೆಲ ಪಾಲಿಶ್ ಮಾಡುವವರು ಕೊನೆಗೆ ಹಾಕಿ ಉಜ್ಜುವ ಬಿಳಿ ಪುಡಿ ಇದೇ. ಗ್ಯಾಲನ್‌ಗೆ ಸುಮಾರು ನಾಲ್ಕು ಔನ್ಸ್, ಒದ್ದೆ ಮರದ ಮೇಲೆ ಹೊಡೆದು ಹದಿನೈದು ನಿಮಿಷ ಬಿಡೋದು, ಉಜ್ಜುವ ಕೆಲಸ ಇಲ್ಲ. ಮಂಡಿಯೂರಿ ಕೂತು ಒಂದು ಮೊಳೆಯ ಸುತ್ತ ನೋಡುತ್ತಾ ಇದ್ದೆ. ಮೊಳೆಯಿಂದ ಎಳೆಯ ಗುಂಟ ಬೆರಳುದ್ದ ಕಪ್ಪು ಕಲೆ ಹರಿದಿತ್ತು. ಕಬ್ಬಿಣ ಮತ್ತು ಮರದಲ್ಲಿರುವ ಒಗರಿನ ಅಂಶ ಟ್ಯಾನಿನ್ ಸೇರಿದರೆ ಈ ಕಪ್ಪು ಬರುತ್ತದೆ, ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಮೆಟ್ಟುಗತ್ತಿ ಕಪ್ಪಾಗೋದೂ ಇದೇ ಕಾರಣಕ್ಕೆ. ಆಸಿಡ್ ಬಿದ್ದ ಮೇಲೆ ಕಲೆಯ ಅಂಚು ಮೊದಲು ನೀಲಿಯಾಯಿತು, ಆಮೇಲೆ ತೆಳು ಕಂದು, ಕೊನೆಗೆ ಮೊಳೆಯ ತಲೆಯ ಸುತ್ತ ಒಂದು ಉಂಗುರ ಮಾತ್ರ. ಸುತ್ತಲಿನ ಮರ ಜೇನು ಬಣ್ಣಕ್ಕೆ ಬಂದಿತ್ತು. ಕ್ಷಾರವೂ ಆಸಿಡ್‌ಗೆ ಸಮವಾಯಿತು, ಸ್ಟೇನ್ ಸರಿಯಾಗಿ ಹಿಡಿಯಲು ಅದು ಬೇಕು. ಇದು ವಿಷ, ಬಾಯಿಗೆ ಕಣ್ಣಿಗೆ ಹೋಗಬಾರದು, ಪುಡಿ ಕಲಸುವಾಗ ಮಾಸ್ಕ್ ಹಾಕಿಕೊಳ್ಳಿ, ಕೊನೆಗೆ ಧಾರಾಳ ನೀರಿನಲ್ಲಿ ತೊಳೆಯಿರಿ.

ಆಮೇಲೆ ಏನೂ ಮಾಡದೆ ಇರೋದು. ಮೇಲ್ಮೈ ಅದೇ ದಿನ ಸಂಜೆಗೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ನೀರಿರುತ್ತದೆ. ಎರಡು ಸೂಜಿಯ ಮಾಯಿಶ್ಚರ್ ಮೀಟರ್ ಚುಚ್ಚಿ ನೋಡಿದಾಗ 15 ಶೇಕಡಾಕ್ಕಿಂತ ಕೆಳಗೆ ಬರುವವರೆಗೆ ಸ್ಟೇನ್ ಡಬ್ಬ ತೆರೆಯಲಿಲ್ಲ. ನೆರಳಿನ ಮೂಲೆ ಬಹಳ ಸತಾಯಿಸಿತು.

ಒಣಗಿದ ಮೇಲೆ ಕೈಯಾಡಿಸಿದರೆ ಸಣ್ಣ ನಾರು ಎದ್ದಿರುತ್ತದೆ. ಹಳೇ ತೊಳೆತದ ಗೆರೆಗಳಿದ್ದ ಕಡೆ ಇನ್ನೂ ಜಾಸ್ತಿ. ಎಲ್ಲ ಮೊಳೆ ಸ್ಕ್ರೂ ತಲೆಗಳು ಒಳಗೆ ಕೂತಿವೆಯಾ ನೋಡಿಕೊಂಡು ಆರ್ಬಿಟಲ್ ಸ್ಯಾಂಡರ್ ಅನ್ನುವ ಉಜ್ಜುವ ಮಷೀನ್‌ನಲ್ಲಿ 60 ನಂಬರ್ ಮರಳು ಕಾಗದ, ಕೈ ಇಡುವ ರೇಲಿಂಗ್‌ಗೆ 80. ನುಣುಪಾಗಲಿ ಅಂತ 150, 220ರವರೆಗೆ ಹೋಗೋದು ಮೇಜಿಗೆ ಸರಿ, ಡೆಕ್‌ಗೆ ಅಲ್ಲ. ರಂಧ್ರ ಮುಚ್ಚಿಹೋಗಿ ಎಣ್ಣೆ ಒಳಗಿಳಿಯಲ್ಲ. ಆ ಬಿಲ್ಲಿನ ಗೆರೆಗಳಲ್ಲಿ ಮೇಲಿನವು ಹೋದವು, ಆಳದವು ಮಸುಕಾಗಿ ಉಳಿದವು. ಪೂರ್ತಿ ತೆಗೆಯಲು ಹೋದರೆ ಒಂದಿಂಚಿನ ಹಲಗೆಯೇ ತೆಳ್ಳಗಾಗುತ್ತದೆ.

ಸ್ಟೇನ್ ಆರಿಸುವಾಗ ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ, ಡೆಕ್ಕಿನ ಹಾಗೆ ಅಡ್ಡ ಮಲಗಿದ ಮರಕ್ಕೆ ಪೊರೆ ಕಟ್ಟುವ ಯಾವುದೂ ನನಗೆ ಬೇಡ. ಪೇಂಟ್, ಸಾಲಿಡ್ ಸ್ಟೇನ್, ವಾರ್ನಿಷ್ ಎಲ್ಲ ಮೊದಲ ವರ್ಷ ಚೆಂದ. ಆಮೇಲೆ ಸಣ್ಣ ಬಿರುಕಿನಲ್ಲಿ ನೀರು ಹೊಕ್ಕು ಸಿಪ್ಪೆ ಏಳುತ್ತದೆ, ಮುಂದಿನ ಸಲ ಎಲ್ಲ ಕೆರೆಯಬೇಕು. ಎಣ್ಣೆ ಆಧಾರಿತ, ಅರೆಪಾರದರ್ಶಕ ಸ್ಟೇನ್ ಒಳಗಿಳಿಯುತ್ತದೆ, ಸವೆದರೆ ಮಾಸುತ್ತದೆ, ತೊಳೆದು ಮತ್ತೆ ಹಚ್ಚಿದರಾಯಿತು. ಪೂರ್ತಿ ಪಾರದರ್ಶಕವೂ ಬೇಡ, ಬಿಸಿಲನ್ನು ತಡೆಯೋದು ಅದರಲ್ಲಿರುವ ಬಣ್ಣದ ಪುಡಿಯೇ. ಡಬ್ಬದ ಮೇಲೆ ಗ್ಯಾಲನ್‌ಗೆ ಎಷ್ಟು ಚದರಡಿ ಅಂತ ಬರೆದಿರೋದು ನಯವಾದ ಮರದ ಲೆಕ್ಕ, ಹಳೇ ಮರ ಅದಕ್ಕಿಂತ ಜಾಸ್ತಿ ಕುಡಿಯುತ್ತದೆ.

ಬಿಸಿಲು ಸರಿದ ಮೇಲೆ ಶುರು ಮಾಡಿದೆವು. ಕಾದ ಹಲಗೆಗೆ ಹಚ್ಚಿದರೆ ಎಣ್ಣೆ ಒಳಗೆ ಇಳಿಯುವ ಮುಂಚೆ ಮೇಲೇ ಒಣಗುತ್ತದೆ. ಒಂದು ಸಲಕ್ಕೆ ಎರಡು ಹಲಗೆ, ಈ ತುದಿಯಿಂದ ಆ ತುದಿಗೆ, ನಡುವೆ ನಿಲ್ಲಿಸಿದರೆ ಅಲ್ಲಿ ಕಪ್ಪು ಗೆರೆ ಕಾಣುತ್ತದೆ. ನಾನು ಪ್ಯಾಡ್‌ನಲ್ಲಿ ಹಚ್ಚುತ್ತಾ ಹೋದೆ, ಹೆಂಡತಿ ಹಿಂದಿನಿಂದ ಬ್ರಷ್‌ನಲ್ಲಿ ತೀಡುತ್ತಾ ಬಂದಳು. ಹಲಗೆಗಳ ಕತ್ತರಿಸಿದ ತುದಿಗೆ ಎರಡು ಸಲ ಕೊಡಬೇಕು, ನೀರು ಕುಡಿಯೋದು ಅಲ್ಲಿಂದಲೇ. "ರೀ, ಇಲ್ಲಿ ಮಿನುಗ್ತಾ ಇದೆ ನೋಡಿ" ಅಂದಳು. ಹೊಸ ಹಲಗೆಯ ಮೇಲೆ ಎಣ್ಣೆ ಇಳಿಯದೆ ನಿಂತಿತ್ತು. ಕಾಲು ಗಂಟೆ ಆದ ಮೇಲೂ ಮಿನುಗುವ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಅಂಟಂಟಾಗಿ ಉಳಿಯುತ್ತದೆ. ಒಂದೇ ಕೋಟ್‌ಗೆ ನಿಲ್ಲಿಸಿದೆವು.

ಆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಅಗಸೆ ಎಣ್ಣೆ ಇರುವ ಸ್ಟೇನ್ ಒಣಗುವಾಗ ಬಿಸಿ ಹುಟ್ಟಿಸುತ್ತದೆ, ಮುದ್ದೆಯಲ್ಲಿ ಬಿಸಿ ಹೊರಗೆ ಹೋಗದೆ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಬೇಲಿಯ ಮೇಲೆ ಒಂದೊಂದಾಗಿ ಹರವಿ, ಗರಿಗರಿ ಒಣಗಿದ ಮೇಲೆ ಎಸೆದೆ.

ಕುಂಡಗಳು ಈಗ ಚಕ್ರದ ಸ್ಟ್ಯಾಂಡ್ ಮೇಲೆ ಕೂತಿವೆ, ಕೆಳಗೆ ಗಾಳಿ ಆಡುತ್ತದೆ. ರಬ್ಬರ್ ತಳದ ಮ್ಯಾಟ್ ಎಸೆದಾಯಿತು. ಹೊಸ ಹಲಗೆ ಇನ್ನೂ ಒಂದು ಛಾಯೆ ತಿಳಿಯಾಗಿ ಎದ್ದು ಕಾಣುತ್ತದೆ, ಇರಲಿ.

ಫೋಟೋ ನೋಡಿ ಎರಡು ಬೀದಿ ಆಚೆ ಇರುವ ಹಾಸನದ ಗೆಳೆಯ ಫೋನ್ ಮಾಡಿದ, "ಗುರೂ, ಟಿಪ್ಪು ಪುಡಿ ಎಲ್ಲ ಇದೆಯಲ್ಲ, ನಮ್ಮನೆಗೂ ಬಂದ್ಬಿಡು ಮಾರಾಯ." ಅವನ ಡೆಕ್ ಯಾವಾಗಿನದು ಅಂತ ಕೇಳಿದೆ. 1997ರದಂತೆ, ಮನೆ ಜೊತೆಗೇ ಕಟ್ಟಿದ್ದು. ಹಾಗಾದರೆ ಆ ಪುಡಿ ತರಲ್ಲ ಅಂದೆ. 2003ರ ಕೊನೆಯವರೆಗೂ ಇಲ್ಲಿ ಮನೆಬಳಕೆಯ ಮರಕ್ಕೆ ಹಾಕುತ್ತಿದ್ದ ಔಷಧಿಯಲ್ಲಿ ತಾಮ್ರದ ಜೊತೆ ಕ್ರೋಮಿಯಂ, ಆರ್ಸೆನಿಕ್ ಎರಡೂ ಇರುತ್ತಿದ್ದವು. ಅಂಥ ಮರವನ್ನು ಸ್ಯಾಂಡ್ ಮಾಡಬಾರದು, ಕಿತ್ತ ಹಲಗೆಯನ್ನು ಸುಡಬಾರದು, ಪ್ರೆಷರ್ ವಾಷರ್ ಬೇಡವೇ ಬೇಡ. ಬ್ಲೀಚು, ಕಾಸ್ಟಿಕ್ಕು, ಪರ್‌ಕಾರ್ಬನೇಟ್, ಆಕ್ಸಾಲಿಕ್ ಯಾವುದೂ ಹಾಕದಿರೋದು ಕ್ಷೇಮ. ಬ್ಲೀಚಿನ ಜಾತಿಯವು ಕ್ರೋಮಿಯಂ ಅನ್ನು ಇನ್ನೂ ವಿಷದ ರೂಪಕ್ಕೆ ತಿರುಗಿಸಬಹುದು. ಸೋಪು ನೀರು, ಮೆತ್ತನೆ ಬ್ರಷ್, ಗಾರ್ಡನ್ ಪೈಪು, ಒಣಗಿದ ಮೇಲೆ ಒಳಗಿಳಿಯುವ ಎಣ್ಣೆ ಸ್ಟೇನ್, ಅದನ್ನೂ ವರ್ಷ ಎರಡು ವರ್ಷಕ್ಕೊಮ್ಮೆ ತಪ್ಪದೆ. "ಅಷ್ಟೇನಾ?" ಅಂದ. ಶನಿವಾರ ಟಾರ್ಚು, ಸ್ಕ್ರೂಡ್ರೈವರ್ ಹಿಡಿದು ಬರುತ್ತೇನೆ, ಮೊದಲು ಕೆಳಗೆ ನುಗ್ಗಿ ಆ ಲೆಡ್ಜರ್‌ನಲ್ಲಿ ಬೋಲ್ಟ್ ಇದೆಯಾ ಮೊಳೆ ಇದೆಯಾ ನೋಡೋಣ ಅಂತ ಹೇಳಿದ್ದೇನೆ.